ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗೆ ಕಡಿಮೆ ಖರ್ಚಿನ ಗ್ರಾಫಿಕ್ಸ್ ಕಾರ್ಡ್: ಪೆಟ್ಟಿಗೆ ಮೊದಲು, ಕಾರ್ಡ್ ಆಮೇಲೆ

"ಕೈಯಲ್ಲಿ ಇಷ್ಟು ಹಣವಿದೆ, ಯಾವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಿ?" ಎಂಬ ಪ್ರಶ್ನೆಯನ್ನು ಬಿಡಿಭಾಗಗಳನ್ನು ತಾವೇ ಆರಿಸಿ ಜೋಡಿಸಿಕೊಂಡವರು ಕೇಳಿದರೆ ನೇರವಾಗಿ ಉತ್ತರ ಕೊಡಬಹುದು. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಸಿದ್ಧ ಡೆಸ್ಕ್‌ಟಾಪ್ ಇಟ್ಟುಕೊಂಡವರು ಅದನ್ನೇ ಕೇಳಿದಾಗ ಮಾತ್ರ, ಉತ್ತರಿಸುವ ಮುನ್ನ ನಾನೇ ಅವರನ್ನು ಕೇಳಬೇಕಾಗುತ್ತದೆ: ನಿಮ್ಮ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಕೊಡುವ ಘಟಕ) ಎಷ್ಟು ವ್ಯಾಟಿನದು, ಕ್ಯಾಬಿನೆಟ್ ಎಷ್ಟು ಅಗಲದ್ದು? ಹೆಚ್ಚಿನವರಿಗೆ ಪ್ರೊಸೆಸರ್ ಯಾವುದೆಂದು ಗೊತ್ತಿರುತ್ತದೆ, ರ್‍ಯಾಮ್ ಎಷ್ಟೆಂದು ಗೊತ್ತಿರುತ್ತದೆ, ಈ ಎರಡು ಮಾತ್ರ ಗೊತ್ತಿರುವುದಿಲ್ಲ. ಆದರೆ ಕಾರ್ಡನ್ನು ನಿಜವಾಗಿ ನಿರ್ಧರಿಸುವುದು ಈ ಎರಡೇ. ಕಾರ್ಡ್‌ಗಳ ವೇಗದ ಪಟ್ಟಿಯನ್ನು ನೋಡಿ ಮೊದಲು ಕಾರ್ಡ್ ಕೊಂಡು, ಆಮೇಲೆ ಪೆಟ್ಟಿಗೆ ಬಿಚ್ಚಿ ನೋಡುವುದು ಬಾಗಿಲನ್ನು ಅಳೆಯದೆ ಬೀರು ಕೊಂಡಂತೆ. ನಿಮ್ಮ ಮುಂದಿನ ಈ ಮಾತಿನಲ್ಲಿ ನಾನು ಪೆಟ್ಟಿಗೆಯಿಂದ ಹೊರಟು ಕಾರ್ಡಿಗೆ ಬರುತ್ತೇನೆ.

ಎಲ್ಲ ಯಂತ್ರಗಳ ಬಗ್ಗೆಯೂ ಒಟ್ಟಾಗಿ ಮಾತನಾಡಿದರೆ ಯಾರಿಗೂ ಪ್ರಯೋಜನವಾಗದು. ಆದ್ದರಿಂದ ಒಂದೇ ಯಂತ್ರವನ್ನು ಮುಂದಿಟ್ಟುಕೊಳ್ಳೋಣ, ಡೆಲ್ ಆಪ್ಟಿಪ್ಲೆಕ್ಸ್ 7050. 2017ರಲ್ಲಿ ಬಂದ ಈ ಮಾದರಿಯಲ್ಲಿ ಇಂಟೆಲ್‌ನ 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್‌ಗಳಿರುತ್ತವೆ. ಕಚೇರಿಗಳು ಇಂತಹ ಯಂತ್ರಗಳನ್ನು ಸಗಟಾಗಿ ಕೊಳ್ಳುತ್ತವೆ, ಲೀಸ್ ಮುಗಿದ ಮೇಲೆ ಸಗಟಾಗಿಯೇ ಹೊರಹಾಕುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ರಿಫರ್ಬಿಶ್ಡ್ ಅಂಗಡಿಗಳಿಗೆ ಹೋದರೆ ಇದೇ ಜಾತಿಯ ಪೆಟ್ಟಿಗೆಗಳು ಒಂದರ ಮೇಲೊಂದು ಪೇರಿಸಿರುವುದನ್ನು ನೋಡುತ್ತೀರಿ, ಅಲ್ಲಿಂದ ಅವು ಜಿಲ್ಲಾ ಕೇಂದ್ರಗಳ ಫೋಟೋ ಸ್ಟುಡಿಯೋಗಳಿಗೆ, ಡಿಟಿಪಿ ಅಂಗಡಿಗಳಿಗೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊಠಡಿಗಳಿಗೆ ಹರಿದುಹೋಗುತ್ತವೆ. ಇದರಲ್ಲಿ ನಮಗೆ ಸಂಬಂಧಿಸಿದ ಎರಡು ಆಕಾರಗಳಿವೆ. ಒಂದು ನೆಟ್ಟಗೆ ನಿಲ್ಲುವ ಮಿನಿ ಟವರ್, ಅದರ ಎಸ್‌ಎಂಪಿಎಸ್ 240 ವ್ಯಾಟಿನದು. ಇನ್ನೊಂದು ತೆಳ್ಳಗಿನ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಪೆಟ್ಟಿಗೆ, ಅದರದು 180 ವ್ಯಾಟಿನದು. ಮೂರನೆಯದಾಗಿ ಅಂಗೈಯಗಲದ ಮೈಕ್ರೋ ಪೆಟ್ಟಿಗೆಯೂ ಇದೆ, ಆದರೆ ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಸ್ಲಾಟೇ ಇಲ್ಲದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ನಿಮ್ಮ ಯಂತ್ರ ಎಚ್‌ಪಿ ಎಲೈಟ್‌ಡೆಸ್ಕ್ ಆಗಿದ್ದರೂ ಲೆನೊವೊ ಥಿಂಕ್‌ಸೆಂಟರ್ ಆಗಿದ್ದರೂ ಲೆಕ್ಕದ ದಾರಿ ಇದೇ, ಅಂಕಿಗಳು ಮಾತ್ರ ಸ್ವಲ್ಪ ಆಚೀಚೆಯಾಗುತ್ತವೆ.

ಮೊದಲು ವಿದ್ಯುತ್ತಿನ ವಿಚಾರ. ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಎರಡು ದಾರಿಯಿಂದ ಬರುತ್ತದೆ. ಮದರ್‌ಬೋರ್ಡಿನಲ್ಲಿ ಅದು ಕೂತಿರುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡ್‌ಗಳಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಒಂದು ಕೇಬಲ್ ಬರಬೇಕು. 6 ಪಿನ್ನಿನ ಕೇಬಲ್ ಇನ್ನೂ 75 ವ್ಯಾಟನ್ನು, 8 ಪಿನ್ನಿನದು 150 ವ್ಯಾಟನ್ನು ಸೇರಿಸುತ್ತದೆ. ನಮ್ಮ ಆಪ್ಟಿಪ್ಲೆಕ್ಸ್‌ನ ಈ ಸಣ್ಣ ಎಸ್‌ಎಂಪಿಎಸ್‌ಗಳಲ್ಲಿ ಆ ಕೇಬಲ್‌ಗಳಿಲ್ಲ. ಕಚೇರಿಯ ಯಂತ್ರಕ್ಕೆ ಅವು ಬೇಕಿರಲಿಲ್ಲ, ಹಾಗಾಗಿ ತಯಾರಕರು ಕೊಡಲಿಲ್ಲ. ಈ ಒಂದು ಸಂಗತಿಯಿಂದಲೇ ಮಾರುಕಟ್ಟೆಯಲ್ಲಿರುವ ಬಹುಪಾಲು ಕಾರ್ಡ್‌ಗಳು ನಮ್ಮ ಪಟ್ಟಿಯಿಂದ ಹೊರಗೆ ಹೋದವು: 132 ವ್ಯಾಟಿನ ಆರ್‌ಎಕ್ಸ್ 6600, 115 ವ್ಯಾಟಿನ ಆರ್‌ಟಿಎಕ್ಸ್ 4060, 130 ವ್ಯಾಟಿನ ಆರ್‌ಟಿಎಕ್ಸ್ 5050, 190 ವ್ಯಾಟಿನ ಇಂಟೆಲ್ ಆರ್ಕ್ ಬಿ580. ಕೊಟ್ಟ ಹಣಕ್ಕೆ ಹೆಚ್ಚು ವೇಗ ಕೊಡುವ ಕಾರ್ಡ್‌ಗಳೆಂದು ಎಲ್ಲರೂ ಹೊಗಳುವುದು ಇವನ್ನೇ, ಆ ಹೊಗಳಿಕೆ ನ್ಯಾಯವೂ ಹೌದು. ಆದರೆ ಅದು ಬೇರೆ ಪೆಟ್ಟಿಗೆಗಳಿಗೆ ಸಂಬಂಧಪಟ್ಟದ್ದು.

ಇಲ್ಲಿ ಅಂಗಡಿಯವರು ಒಂದು ಉಪಾಯ ಹೇಳುತ್ತಾರೆ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ಕೇಬಲಿಗೆ ಒಂದು ಅಡಾಪ್ಟರ್ ಹಾಕಿದರೆ 6 ಪಿನ್ ಸಿಗುತ್ತದೆ, ಬೆಲೆಯೂ ಕಡಿಮೆ, ಎಂದು. ಆ ಅಡಾಪ್ಟರನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿ ನೋಡಿ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು 3 ಪಿನ್ನುಗಳು, ಒಂದೊಂದರ ಮಿತಿ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರ ಇನ್ನೊಂದು ತುದಿಯಲ್ಲಿರುವ 6 ಪಿನ್ನಿನಿಂದ 75 ವ್ಯಾಟ್ ಎಳೆಯುವ ಹಕ್ಕು ಕಾರ್ಡಿಗಿದೆ. 54 ವ್ಯಾಟಿನ ತುದಿ ಕಾದು, ಪ್ಲಾಸ್ಟಿಕ್ ಮೆತ್ತಗಾಗಿ, ಕೊನೆಗೆ ಸುಡುತ್ತದೆ. ಆಪ್ಟಿಪ್ಲೆಕ್ಸ್‌ನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು, ಏಕೆಂದರೆ ಈ ಮಾದರಿಗಳಲ್ಲಿ ಸಾಟಾ ಸಾಧನಗಳಿಗೆ ವಿದ್ಯುತ್ ಹೋಗುವುದು ಎಸ್‌ಎಂಪಿಎಸ್‌ನಿಂದ ನೇರವಾಗಿ ಅಲ್ಲ, ಮದರ್‌ಬೋರ್ಡಿನ ಮೂಲಕ. ಒಂದೆರಡು ಡಿಸ್ಕುಗಳಿಗೆಂದು ಮದರ್‌ಬೋರ್ಡಿನಲ್ಲಿ ಎಳೆದಿರುವ ಸಣ್ಣ ದಾರಿಯಲ್ಲಿ ನೀವು ಗ್ರಾಫಿಕ್ಸ್ ಕಾರ್ಡನ್ನು ನಡೆಸಲು ಹೊರಟಿರುತ್ತೀರಿ. ಈ ಅಡಾಪ್ಟರಿನ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು: ಬೇಡ.

ಹಾಗಾದರೆ ಎಸ್‌ಎಂಪಿಎಸ್‌ನ್ನೇ ಬದಲಿಸಿದರೆ ಎಂದು ನಿಮ್ಮಲ್ಲಿ ಒಬ್ಬರು ಕೇಳಿದರು. ಜೋಡಿಸಿದ ಕಂಪ್ಯೂಟರಿನಲ್ಲಿ ಅದು ಅರ್ಧ ಗಂಟೆಯ ಕೆಲಸ. ಬ್ರ್ಯಾಂಡೆಡ್ ಯಂತ್ರದಲ್ಲಿ ಮದರ್‌ಬೋರ್ಡಿನ ಮೇಲೆ ಎಲ್ಲೆಡೆ ಕಾಣುವ 24 ಪಿನ್ನಿನ ಜಾಗವೇ ಇರುವುದಿಲ್ಲ. ಡೆಲ್ ಕೆಲವು ಮಾದರಿಗಳಲ್ಲಿ 8 ಪಿನ್ನಿನದನ್ನು, ಕೆಲವುಗಳಲ್ಲಿ 6 ಪಿನ್ನಿನದನ್ನು ತನ್ನದೇ ಜೋಡಣೆಯಲ್ಲಿ ಬಳಸುತ್ತದೆ. ಎಚ್‌ಪಿಯದು ಇನ್ನೊಂದು, ಲೆನೊವೊದ್ದು ಮತ್ತೊಂದು. 24 ಪಿನ್ನಿನಿಂದ ಇವುಗಳಿಗೆ ಹೊಂದಿಸುವ ಕೇಬಲ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನಿಮ್ಮ ಮಾದರಿಯ ಸಂಖ್ಯೆಗೆ ಸರಿಯಾಗಿ ಹೊಂದುವ ಕೇಬಲ್ ಸಿಕ್ಕಿ, ಮಿನಿ ಟವರಿನೊಳಗೆ ಹೊಸ ಎಸ್‌ಎಂಪಿಎಸ್ ಕೂರುವಂತಿದ್ದರೆ ಇದು ಅಸಾಧ್ಯವೇನಲ್ಲ. ತೆಳ್ಳಗಿನ ಪೆಟ್ಟಿಗೆಯಲ್ಲಂತೂ ಎಸ್‌ಎಂಪಿಎಸ್‌ನ ಆಕಾರವೇ ಬೇರೆ, ಜೋಡಿಸಿದ ಕಂಪ್ಯೂಟರಿನ ಸಾಮಾನ್ಯ ಎಟಿಎಕ್ಸ್ ಗಾತ್ರದ್ದು ಒಳಗೆ ಹಿಡಿಸುವುದಿಲ್ಲ. ಆದರೆ ಖರ್ಚನ್ನು ಕೂಡಿಸಿ ನೋಡಿ: ಹೊಸ ಎಸ್‌ಎಂಪಿಎಸ್, ಹೊಂದಿಸುವ ಕೇಬಲ್, ದೊಡ್ಡ ಕಾರ್ಡ್. ಇಷ್ಟೆಲ್ಲ ಸುರಿದ ಮೇಲೂ ಉಳಿಯುವುದು 2017ರ ನಾಲ್ಕು ಕೋರಿನ ಪ್ರೊಸೆಸರ್. ಅಷ್ಟು ಹಣವಿರುವವರು ಈ ಪೆಟ್ಟಿಗೆಯನ್ನು ಮಾರಿ ಬೇರೆ ಯಂತ್ರದತ್ತ ಹೋಗುವುದೇ ಮೇಲೆಂದು ನನ್ನ ಅಭಿಪ್ರಾಯ.

ಈಗ 75 ವ್ಯಾಟಿನೊಳಗೆ ಉಳಿದವರ ಲೆಕ್ಕ. ಕೋರ್ ಐ5-7500 ಪ್ರೊಸೆಸರಿಗೆ 65 ವ್ಯಾಟ್ ಹಿಡಿಯಿರಿ. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಸುಮಾರು 30. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಇನ್ನೊಂದು 8ರಿಂದ 10. ಇದಕ್ಕೆ 75 ವ್ಯಾಟಿನ ಕಾರ್ಡ್ ಸೇರಿದರೆ ಹತ್ತಿರ ಹತ್ತಿರ 180 ಆಗುತ್ತದೆ. 240 ವ್ಯಾಟಿನ ಮಿನಿ ಟವರಿಗೆ ಇದು ನೆಮ್ಮದಿಯ ಅಂಕಿ. 180 ವ್ಯಾಟಿನ ಪೆಟ್ಟಿಗೆಗೆ ಇದು ಕತ್ತಿನವರೆಗೆ ಬಂದ ನೀರು. ಆಟವಾಡುವಾಗ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಏಕಕಾಲಕ್ಕೆ ಪೂರ್ತಿ ದುಡಿಯುವುದು ಅಪರೂಪವಾದ್ದರಿಂದ ಅನೇಕರು ಇದರಲ್ಲೂ 75 ವ್ಯಾಟಿನ ಕಾರ್ಡ್ ಹಾಕಿ ನಡೆಸುತ್ತಿದ್ದಾರೆ, ಅದು ನಿಜ. ಆದರೆ ವರ್ಷಗಟ್ಟಲೆ ಕಚೇರಿಯಲ್ಲಿ ದುಡಿದು ಬಂದ ಎಸ್‌ಎಂಪಿಎಸ್‌ನಿಂದ ಲೇಬಲ್ಲಿನ ಕೊನೆಯ ವ್ಯಾಟನ್ನೂ ನಿರೀಕ್ಷಿಸುವುದು ನನಗೆ ಒಪ್ಪಿಗೆಯಿಲ್ಲ; ತೆಳ್ಳಗಿನ ಪೆಟ್ಟಿಗೆಗೆ 50ರ ಆಸುಪಾಸಿನ ಕಾರ್ಡ್ ಹುಡುಕಿ, 70ರ ಕಾರ್ಡೇ ಬೇಕೆಂದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿಯನ್ನು ಮಾತ್ರ ಉಳಿಸಿಕೊಳ್ಳಿ. ಮುಂದಿನ ತಲೆಮಾರಿನ ಪ್ರೊಸೆಸರ್ ಇರುವವರು ಇನ್ನೊಂದನ್ನು ಗಮನಿಸಬೇಕು. ಐ7-8700ರಂತಹ ಪ್ರೊಸೆಸರ್ ಹೆಸರಿಗೆ 65 ವ್ಯಾಟಿನದಾದರೂ, ತಯಾರಕರು ಮಿತಿ ಹಾಕದಿದ್ದರೆ ಅಲ್ಪಕಾಲ 119 ವ್ಯಾಟಿನವರೆಗೆ ಎಳೆಯಲು ಅದಕ್ಕೆ ಅವಕಾಶವಿದೆ. ಹಾಗೆಯೇ ನಿಮ್ಮ ಮಾದರಿಯ ಕೈಪಿಡಿಯನ್ನೂ ಒಮ್ಮೆ ತೆರೆದು ನೋಡಿ. ಕೆಲವು ಹಳೆಯ ಸಣ್ಣ ಪೆಟ್ಟಿಗೆಗಳಲ್ಲಿ ತಯಾರಕರು ಸ್ಲಾಟಿನ ಮಿತಿಯನ್ನೇ 75ಕ್ಕಿಂತ ಕೆಳಗೆ ನಮೂದಿಸಿರುತ್ತಾರೆ.

ವಿದ್ಯುತ್ತಿನ ಮಾತು ಬಂದದ್ದರಿಂದ ಒಂದು ಉಪಕಥೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ ಎಂದು ಬರೆದಿರುವ ಯುಪಿಎಸ್. 600 ಎಂಬುದು ವ್ಯಾಟ್ ಅಲ್ಲ, ಅಂತಹ ಯುಪಿಎಸ್ ಕೊಡುವುದು ಸಾಧಾರಣವಾಗಿ 360 ವ್ಯಾಟ್. ನಾವೀಗ ಲೆಕ್ಕ ಹಾಕಿದ ಯಂತ್ರ ಮತ್ತು ಒಂದು ಮಾನಿಟರ್ ಅದರೊಳಗೆ ಸುಲಭವಾಗಿ ನಡೆಯುತ್ತವೆ. ಹಳೆಯ ಬ್ಯಾಟರಿಯಲ್ಲಿ ಮಾತ್ರ, ಆಟದ ನಡುವೆ ಕರೆಂಟ್ ಹೋದರೆ ಸೇವ್ ಮಾಡುವಷ್ಟು ಹೊತ್ತೂ ಸಿಗದಿರಬಹುದು. ಕಾರ್ಡ್ ಹಾಕಿದ ಮೇಲೆ ಕರೆಂಟ್ ಹೋದಾಗಲೆಲ್ಲ ಯಂತ್ರವೂ ಆಫ್ ಆಗುತ್ತಿದೆ ಎಂದು ದೂರುವವರು ಕಾರ್ಡನ್ನು ಬೈಯುವ ಮುನ್ನ ಯುಪಿಎಸ್ ಬ್ಯಾಟರಿ ನೋಡಲಿ.

ಇನ್ನು ಜಾಗದ ವಿಚಾರ. ಮಿನಿ ಟವರಿನಲ್ಲಿ ಸಾಮಾನ್ಯ ಎತ್ತರದ ಕಾರ್ಡ್ ಕೂರುತ್ತದೆ, ಅದರ ಉದ್ದ ಹಾರ್ಡ್ ಡಿಸ್ಕಿನ ಗೂಡಿಗೆ ತಾಗದಿದ್ದರೆ ಸಾಕು. ಒಂದೇ ಫ್ಯಾನಿನ ಗಿಡ್ಡ ಕಾರ್ಡ್ ಇದ್ದರೆ ಚಿಂತೆಯಿಲ್ಲ. ತೆಳ್ಳಗಿನ ಪೆಟ್ಟಿಗೆಗೆ ಲೋ ಪ್ರೊಫೈಲ್ ಕಾರ್ಡೇ ಬೇಕು. ಹಿಂಬದಿಯಲ್ಲಿ ಸ್ಕ್ರೂ ಹಾಕುವ ಲೋಹದ ಪಟ್ಟಿಯನ್ನು ನೋಡಿ: ಸಾಮಾನ್ಯ ಕಾರ್ಡಿನಲ್ಲಿ ಅದು ಸುಮಾರು 120 ಮಿ.ಮೀ. ಎತ್ತರವಿರುತ್ತದೆ, ಲೋ ಪ್ರೊಫೈಲ್‌ನಲ್ಲಿ ಸುಮಾರು 80. ಹೊಸ ಕಾರ್ಡಿನ ಡಬ್ಬದಲ್ಲಿ ಎರಡೂ ಪಟ್ಟಿಗಳಿರುವುದುಂಟು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸಣ್ಣ ಪಟ್ಟಿಯನ್ನು ಕೇಳಿ ಪಡೆಯಿರಿ, ಆಮೇಲೆ ಅದೊಂದನ್ನೇ ಹುಡುಕಿಕೊಂಡು ಅಲೆಯುವುದು ಬಲು ಕಷ್ಟ. ದಪ್ಪವೂ ಮುಖ್ಯ. ಕೆಲವು ತೆಳ್ಳಗಿನ ಪೆಟ್ಟಿಗೆಗಳಲ್ಲಿ ದೊಡ್ಡ ಸ್ಲಾಟ್ ಎಸ್‌ಎಂಪಿಎಸ್‌ಗೆ ಅಂಟಿಕೊಂಡಂತಿದ್ದು, ಎರಡು ಸ್ಲಾಟಿನಷ್ಟು ದಪ್ಪದ ಕಾರ್ಡ್ ಅಲ್ಲಿ ಕೂರುವುದೇ ಇಲ್ಲ. ಪೆಟ್ಟಿಗೆ ತೆರೆದು, ಉದ್ದನೆಯ ಸ್ಲಾಟಿನ ಪಕ್ಕದಲ್ಲಿ ಎಷ್ಟು ಜಾಗವಿದೆಯೆಂದು ಅಳತೆಪಟ್ಟಿ ಹಿಡಿದು ನೋಡಿ, ಫೋಟೋ ತೆಗೆದಿಟ್ಟುಕೊಂಡು ಅಂಗಡಿಗೆ ಹೋಗಿ.

ಪೆಟ್ಟಿಗೆ ಇಷ್ಟನ್ನು ಹೇಳಿದ ಮೇಲೆ ಉಳಿಯುವ ಕಾರ್ಡ್‌ಗಳು ಬೆರಳೆಣಿಕೆಯವು. ಬಹುಕಾಲ ಈ ಜಾಗದಲ್ಲಿ ರಾಜನಾಗಿದ್ದದ್ದು 2016ರ ಜಿಟಿಎಕ್ಸ್ 1050 ಟಿಐ, 4 ಜಿಬಿ ಮೆಮೊರಿ, 75 ವ್ಯಾಟ್. ಅದರ ಸ್ಥಾನಕ್ಕೆ 2019ರಲ್ಲಿ ಜಿಟಿಎಕ್ಸ್ 1650 ಬಂತು, ಅಷ್ಟೇ ವ್ಯಾಟಿನಲ್ಲಿ ಹೆಚ್ಚು ವೇಗ. ಆದರೆ 1650 ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಡ್‌ಗಳಿವೆ. ಕೆಲವು ತಯಾರಕರು ವೇಗ ಏರಿಸಿ 6 ಪಿನ್ನಿನ ಕನೆಕ್ಟರನ್ನೂ ಹಾಕಿದ್ದಾರೆ, ಅವು ನಮಗೆ ಒದಗುವುದಿಲ್ಲ. ಇವತ್ತು ಹೊಸದಾಗಿ ಕೊಳ್ಳುವವರಿಗೆ ಈ ಮಿತಿಯೊಳಗೆ ನಾನು ಮೊದಲು ಹೇಳುವುದು 2024ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ. 70 ವ್ಯಾಟ್, ಸಾಮಾನ್ಯವಾಗಿ ಹೊರಗಿನ ಕೇಬಲ್ ಬೇಡ, ಲೋ ಪ್ರೊಫೈಲ್ ರೂಪದಲ್ಲೂ ಹಲವು ತಯಾರಕರು ಮಾಡುತ್ತಾರೆ, ಮೆಮೊರಿ 4ರ ಬದಲು 6 ಜಿಬಿ. ಇಲ್ಲಿಯೂ ಹೆಸರಿನ ಬಲೆಯಿದೆ. 2022ರಲ್ಲಿ ಬಂದ 3050 ಬೇರೆ: ಅದಕ್ಕೆ 8 ಜಿಬಿ ಮೆಮೊರಿ, 2560 ಕೋರುಗಳು (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು), 130 ವ್ಯಾಟ್, 8 ಪಿನ್ನಿನ ಕೇಬಲ್. 6 ಜಿಬಿಯದಕ್ಕೆ 2304 ಕೋರುಗಳು, ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಇಳಿದಿದೆ. ಮೆಮೊರಿ ಮಾತ್ರವಲ್ಲ, ಚಿಪ್ಪಿನ ಶಕ್ತಿಯೂ ಬೇರೆಯಾಗಿರುವಾಗ ಎರಡಕ್ಕೂ ಒಂದೇ ಹೆಸರಿಟ್ಟ, ಈ ಚಿಪ್ಪುಗಳ ಕಂಪನಿ ಎನ್‌ವಿಡಿಯಾದ ಕ್ರಮ ಗ್ರಾಹಕರಿಗೆ ನ್ಯಾಯವಲ್ಲ ಎಂದೇ ನಾನು ಹೇಳುತ್ತೇನೆ. ಯೂಟ್ಯೂಬಿನಲ್ಲಿ 8 ಜಿಬಿ ಕಾರ್ಡಿನ ವೇಗ ನೋಡಿ 6 ಜಿಬಿಯದನ್ನು ಕೊಂಡವರು ನಿರಾಶರಾಗುತ್ತಾರೆ; 8 ಜಿಬಿಯದನ್ನೇ ಕೊಂಡು ಆಪ್ಟಿಪ್ಲೆಕ್ಸ್ ತೆರೆದವರು ಕೇಬಲ್ ಇಲ್ಲದೆ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ.

ಹೆಸರಿನ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಉದಾಹರಣೆ ಜಿಟಿ 1030. 2017ರಲ್ಲಿ ಬಂದದ್ದು ಜಿಡಿಡಿಆರ್5 ಮೆಮೊರಿಯೊಂದಿಗೆ, ಸೆಕೆಂಡಿಗೆ 48 ಜಿಬಿ ಸಾಗಿಸುವ ಸಾಮರ್ಥ್ಯ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಆವೃತ್ತಿ ಬಂತು, ಅದರ ಸಾಮರ್ಥ್ಯ ಬರೀ 16.8 ಜಿಬಿ. ಡಬ್ಬದ ಮೇಲಿನ ದೊಡ್ಡ ಅಕ್ಷರಗಳಲ್ಲಿ ವ್ಯತ್ಯಾಸವಿಲ್ಲ. ಜಿಟಿ 710, ಜಿಟಿ 730 ಇನ್ನೂ ಅಂಗಡಿಗಳಲ್ಲಿ "ಗ್ರಾಫಿಕ್ಸ್ ಕಾರ್ಡ್" ಎಂದು ಮಾರಾಟವಾಗುತ್ತಿವೆ. ಇವು 2014ರವು, ಐ5-7500ರೊಳಗೇ ಇರುವ ಎಚ್‌ಡಿ 630 ಗ್ರಾಫಿಕ್ಸ್ ಇರುವಾಗ ಜಿಟಿ 710ಕ್ಕೆ ಹಣ ಕೊಡುವುದಕ್ಕೆ, ಮಾನಿಟರ್ ಜೋಡಿಸುವ ಪೋರ್ಟು ಹೆಚ್ಚಿಸಿಕೊಳ್ಳುವುದರ ಹೊರತು, ಬೇರೆ ಕಾರಣ ನನಗೆ ಕಾಣುವುದಿಲ್ಲ.

ಈಗ ಎಎಂಡಿಯ ಆರ್‌ಎಕ್ಸ್ 6400. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕಾಗದದ ಮೇಲೆ ಇದು ನಮ್ಮ ತೆಳ್ಳಗಿನ ಪೆಟ್ಟಿಗೆಗೆಂದೇ ಹುಟ್ಟಿದಂತಿದೆ: 53 ವ್ಯಾಟ್, ಲೋ ಪ್ರೊಫೈಲ್, ಒಂದೇ ಸ್ಲಾಟಿನ ದಪ್ಪ. 2022ರಲ್ಲಿ ಬಂತು. ಆದರೆ ಈ ಚಿಪ್ ಮದರ್‌ಬೋರ್ಡಿನೊಂದಿಗೆ ಮಾತನಾಡುವುದು 4 ಲೇನ್‌ಗಳಲ್ಲಿ, ಅಂದರೆ ದತ್ತಾಂಶ ಸಾಗುವ 4 ದಾರಿಗಳಲ್ಲಿ ಮಾತ್ರ. ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಹೊಸ ಮದರ್‌ಬೋರ್ಡಿನಲ್ಲಿ ಆ 4 ಲೇನ್‌ಗಳು ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತವೆ. ನಮ್ಮ ಆಪ್ಟಿಪ್ಲೆಕ್ಸ್‌ನಲ್ಲಿರುವುದು 3.0, ಹಾಗಾಗಿ ಅದು ಸುಮಾರು 4 ಜಿಬಿಗೆ ಇಳಿಯುತ್ತದೆ. ಕಾರ್ಡಿನ ಸ್ವಂತ 4 ಜಿಬಿ ಮೆಮೊರಿಯಲ್ಲಿ ಆಟದ ಚಿತ್ರಗಳೆಲ್ಲ ಹಿಡಿಸುವವರೆಗೆ ಇದು ನಿಮ್ಮ ಗಮನಕ್ಕೆ ಅಷ್ಟಾಗಿ ಬಾರದು. ಮೆಮೊರಿ ತುಂಬಿ, ಉಳಿದದ್ದನ್ನು ಕಂಪ್ಯೂಟರಿನ ರ್‍ಯಾಮ್‌ನಿಂದ ಕ್ಷಣಕ್ಷಣಕ್ಕೂ ತರಿಸಿಕೊಳ್ಳಬೇಕಾಗಿ ಬಂದಾಗ ಆ ಕಿರಿದಾದ ದಾರಿಯಲ್ಲಿ ದಟ್ಟಣೆಯಾಗಿ ಆಟ ತಡವರಿಸತೊಡಗುತ್ತದೆ. ಸೆಕೆಂಡಿಗೆ ಮೂಡುವ ಫ್ರೇಮುಗಳ (ಚಿತ್ರಗಳ) ಸರಾಸರಿ ಸಂಖ್ಯೆ ಚೆನ್ನಾಗಿಯೇ ಕಾಣುತ್ತಿದ್ದರೂ ಕೈಗೆ ಆ ತಡವರಿಕೆ ತಿಳಿಯುತ್ತದೆ. ಹಳೆಯ ಪೆಟ್ಟಿಗೆಗಳಿಗೆ ಹೊಂದುವ ಗಾತ್ರದ ಕಾರ್ಡಿಗೆ ಹೊಸ ಪೆಟ್ಟಿಗೆಗಳಲ್ಲಿ ಮಾತ್ರ ಪೂರ್ತಿ ಬಲ ಬರುವಂತೆ ಮಾಡಿದ್ದಾರೆ. ಅದರೊಂದಿಗೆ ಹೋಲಿಸಿದರೆ 3050ಕ್ಕೆ 8 ಲೇನ್‌ಗಳಿವೆ, 3.0ರಲ್ಲೂ ಅದರ ದಾರಿ ಸಾಕಷ್ಟು ಅಗಲ.

6400ರ ಇನ್ನೊಂದು ಕೊರತೆ ವಿಡಿಯೋ ಮಾಡುವವರಿಗೆ ಸಂಬಂಧಿಸಿದ್ದು: ಇದರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ಅದನ್ನು ಕುಗ್ಗಿಸಿ ಫೈಲಾಗಿಸುವ ಯಂತ್ರಾಂಶವೇ ಇಲ್ಲ. ಮದುವೆಯ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರು ಇದನ್ನು ಕೊಂಡರೆ ಎಕ್ಸ್‌ಪೋರ್ಟ್ ಮಾಡುವಾಗ ಕಾರ್ಡ್ ಕೈಕಟ್ಟಿ ಕೂರುತ್ತದೆ, ಪ್ರೊಸೆಸರ್ ಬೆವರು ಸುರಿಸುತ್ತದೆ. ಇದಕ್ಕೊಂದು ಪರಿಹಾರ ನಮ್ಮ ಹಳೆಯ ಪ್ರೊಸೆಸರಿನೊಳಗೇ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಇಂಟೆಲ್‌ನ ಕ್ವಿಕ್ ಸಿಂಕ್ ಆ ಎಚ್‌ಡಿ 630ರಲ್ಲೇ ಇರುವ ಎನ್‌ಕೋಡರ್. ಹೊಸ ಕಾರ್ಡ್ ಹಾಕಿದಾಗ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ, ಮದರ್‌ಬೋರ್ಡಿನ ತಂತ್ರಾಂಶ) ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ತಾನಾಗಿ ಆಫ್ ಮಾಡಿಬಿಡುವುದುಂಟು. ಬಯಾಸ್‌ನ ವಿಡಿಯೋ ವಿಭಾಗದಲ್ಲಿ ಮಲ್ಟಿ ಡಿಸ್‌ಪ್ಲೇ ಎಂಬ ಆಯ್ಕೆಯಿದ್ದರೆ ಅದನ್ನು ಚಾಲೂ ಮಾಡಿ, ಆಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಎಡಿಟಿಂಗ್ ತಂತ್ರಾಂಶದಲ್ಲಿ ಕ್ವಿಕ್ ಸಿಂಕ್ ಆಯ್ದುಕೊಳ್ಳಬಹುದು, ಮದರ್‌ಬೋರ್ಡಿನ ಪೋರ್ಟಿಗೆ ಎರಡನೆಯ ಮಾನಿಟರನ್ನೂ ಜೋಡಿಸಬಹುದು.

ಒಂದೇ ಸ್ಲಾಟಿನ ದಪ್ಪವೇ ಬೇಕು, ಎನ್‌ಕೋಡರೂ ಬೇಕು ಎನ್ನುವವರು ಎನ್‌ವಿಡಿಯಾದ ವರ್ಕ್‌ಸ್ಟೇಷನ್ ಸಾಲಿನ ಟಿ1000ದತ್ತ ನೋಡಬಹುದು. ಅದು 50 ವ್ಯಾಟಿನ ಲೋ ಪ್ರೊಫೈಲ್ ಕಾರ್ಡ್. ಅದರೊಳಗಿರುವುದು 1650ರಲ್ಲಿರುವಷ್ಟೇ, ಅಂದರೆ 896 ಕೋರುಗಳ ಚಿಪ್. ಹೊಸದರ ಬೆಲೆ ನಮ್ಮ ಬಜೆಟ್ಟಿಗೆ ಹೊಂದುವುದಿಲ್ಲ, ಕಚೇರಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಒಳ್ಳೆಯದು. ಅದರ ಪೋರ್ಟುಗಳು ಮಿನಿ ಡಿಸ್‌ಪ್ಲೇಪೋರ್ಟ್ ಆದ್ದರಿಂದ ಅಡಾಪ್ಟರಿನ ಖರ್ಚನ್ನೂ ಸೇರಿಸಿಕೊಳ್ಳಿ. ಇಂಟೆಲ್‌ನ ಆರ್ಕ್ ಎ380 ಕೂಡ 75 ವ್ಯಾಟಿನದು, 6 ಜಿಬಿ ಮೆಮೊರಿ, ಎವಿ1 ಎಂಬ ಹೊಸ ವಿಡಿಯೋ ಮಾದರಿಯಲ್ಲೂ ಎನ್‌ಕೋಡ್ ಮಾಡಬಲ್ಲದು. ಆದರೆ ಆರ್ಕ್ ಕಾರ್ಡ್‌ಗಳು ಆಟಗಳಲ್ಲಿ ತಮ್ಮ ವೇಗ ತೋರಿಸಬೇಕಾದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ, ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಂದೇ ಸಲಕ್ಕೆ ತಲುಪಲು ಬಿಡುವ ಸೌಲಭ್ಯವಿರಬೇಕು. ಇಂಟೆಲ್ ಸೂಚಿಸುವುದು ತನ್ನ 10ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನು. ನಮ್ಮ 7ನೇ ತಲೆಮಾರಿನ ಪೆಟ್ಟಿಗೆಗೆ ಆಟಕ್ಕಾಗಿ ಇದನ್ನು ಕೊಳ್ಳಬೇಡಿ.

ಕಾರ್ಡ್ ಆರಿಸುವ ಮೊದಲು ರ್‍ಯಾಮ್ ಎಷ್ಟು ಎನ್ನುವುದಕ್ಕಿಂತ ಹೇಗೆ ಇದೆ ಎಂದು ನೋಡಿ. ರಿಫರ್ಬಿಶ್ಡ್ ಯಂತ್ರಗಳಲ್ಲಿ ಬಹಳಷ್ಟು ಸಲ 8 ಜಿಬಿಯ ಒಂದೇ ಸ್ಟಿಕ್ ಇರುತ್ತದೆ. ಹಾಗಿದ್ದಾಗ ಪ್ರೊಸೆಸರ್ ಮೆಮೊರಿಯ ಎರಡು ಚಾನೆಲ್‌ಗಳಲ್ಲಿ ಒಂದನ್ನು ಮಾತ್ರ ಬಳಸುತ್ತದೆ. ಅಂತಹುದೇ ಇನ್ನೊಂದು ಸ್ಟಿಕ್ ಸೇರಿಸಿದರೆ ಒಟ್ಟು 16 ಜಿಬಿಯೂ ಆಯಿತು, ದಾರಿಯೂ ಇಮ್ಮಡಿಯಾಯಿತು. ನಾಲ್ಕು ಕೋರಿನ ಪ್ರೊಸೆಸರ್ ಆಟಗಳಲ್ಲಿ ತಡವರಿಸುವುದು ಇದರಿಂದಲೇ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ, ಹಾಗಾಗಿ ಈ ಸಲಹೆ ಹಿಂದಿನಷ್ಟು ಅಗ್ಗವಲ್ಲ. ಆದರೂ 8 ಜಿಬಿಯ ಒಂಟಿ ಸ್ಟಿಕ್ ಇಟ್ಟುಕೊಂಡು 3050 ಹಾಕುವುದಕ್ಕಿಂತ, ಸೆಕೆಂಡ್ ಹ್ಯಾಂಡ್ 1650 ಜೊತೆಗೆ ಇನ್ನೊಂದು ಸ್ಟಿಕ್ ಹಾಕುವುದು ವಾಸಿ. ಪ್ರೊಸೆಸರಿನ ಮಿತಿಯೂ ನೆನಪಿರಲಿ. ಐ5-6500 ಮತ್ತು 7500ರಲ್ಲಿ ನಾಲ್ಕು ಕೋರು, ನಾಲ್ಕೇ ಥ್ರೆಡ್ಡು, ಅಂದರೆ ಏಕಕಾಲಕ್ಕೆ ನಾಲ್ಕೇ ಕೆಲಸದ ಸಾಲು. ಇವತ್ತಿನ ದೊಡ್ಡ ಆಟಗಳಲ್ಲಿ ಅವು ಪೂರ್ತಿ ದಣಿಯುತ್ತವೆ. ಇದಕ್ಕೆ 3050ಕ್ಕಿಂತ ದೊಡ್ಡ ಕಾರ್ಡ್ ಹಾಕಲು ಸಾಧ್ಯವಾಗಿದ್ದರೂ ಹೆಚ್ಚಿನ ಲಾಭ ಸಿಗುತ್ತಿರಲಿಲ್ಲವೆಂಬುದನ್ನು ನೆನೆದರೆ ಎಸ್‌ಎಂಪಿಎಸ್ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು.

ಮಾನಿಟರ್ ಹಳೆಯದಾಗಿದ್ದು ಅದರಲ್ಲಿ ವಿಜಿಎ ಮಾತ್ರ ಇದ್ದರೆ, ಡಿಸ್‌ಪ್ಲೇಪೋರ್ಟ್ ಅಥವಾ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಆ್ಯಕ್ಟಿವ್ ಅಡಾಪ್ಟರ್ ಬೇಕಾಗುತ್ತದೆ. ಎನ್‌ವಿಡಿಯಾ 1000 ಸಾಲಿನಿಂದಲೇ ಚಿಪ್ಪಿನಿಂದ ವಿಜಿಎಗೆ ಬೇಕಾದ ಅನಲಾಗ್ ಸಂಕೇತವನ್ನು ಕೈಬಿಟ್ಟಿದೆ.

ಈ ವಿವರ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ನೆರವಾಗುತ್ತದೆ. 1050 ಟಿಐ ಎಂದು ಕೊಟ್ಟ ಕಾರ್ಡಿನ ಬೆನ್ನಿನಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಕಂಡರೆ ಶಂಕಿಸಿ. ಬಹಳ ಹಳೆಯ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಚಿಪ್ಪುಗಳಿಗೆ ಬೇರೆ ಬಯಾಸ್ ತುಂಬಿ, ಹೊಸ ಹೆಸರಿನಲ್ಲಿ ಮಾರುವ ದಂಧೆ ಎಷ್ಟು ಹಬ್ಬಿತ್ತೆಂದರೆ 2018ರಲ್ಲಿ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶಕ್ಕೆ ನಕಲಿ ಕಾರ್ಡನ್ನು ಗುರುತಿಸುವ ಸೌಲಭ್ಯವನ್ನೇ ಸೇರಿಸಬೇಕಾಯಿತು. ಅಂಗಡಿಯಲ್ಲಿ ಕಾರ್ಡನ್ನು ಯಂತ್ರಕ್ಕೆ ಹಾಕಿಸಿ, ಪೆನ್ ಡ್ರೈವ್‌ನಲ್ಲಿ ಒಯ್ದ ಜಿಪಿಯು-ಝಡ್ ನಡೆಸಿ, ಚಿಪ್ಪಿನ ಹೆಸರು, ಕೋರುಗಳ ಸಂಖ್ಯೆ, ಮೆಮೊರಿಯ ಬಗೆ ಹೊಂದುತ್ತವೆಯೇ ನೋಡಿ, ಆಮೇಲೆ ಕಾಲು ಗಂಟೆಯಾದರೂ ಒಂದು ಭಾರದ ಪರೀಕ್ಷೆ ಓಡಿಸಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಕ್ರಿಪ್ಟೋ ಮೈನಿಂಗಿನಲ್ಲಿ ದುಡಿದ ಕಾರ್ಡಿನ ಭಯ ಹಲವರಿಗಿದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಎಂಬ ಕ್ರಿಪ್ಟೋ ನಾಣ್ಯ ಗ್ರಾಫಿಕ್ಸ್ ಕಾರ್ಡ್ ಬೇಡದ ವಿಧಾನಕ್ಕೆ ಬದಲಾದ ಮೇಲೆ ಅಂತಹ ಕಾರ್ಡ್‌ಗಳು ರಾಶಿಯಾಗಿ ಮಾರುಕಟ್ಟೆಗೆ ಬಂದದ್ದು ನಿಜ, ಆದರೆ ಅವುಗಳಲ್ಲಿ ಹೆಚ್ಚಿನವು ಆರ್‌ಎಕ್ಸ್ 580ರಂತಹ ದೊಡ್ಡ ಕಾರ್ಡ್‌ಗಳು. ನಮ್ಮ 75 ವ್ಯಾಟಿನ ಗುಂಪಿಗೆ ಆ ಕಳಂಕ ಅಷ್ಟಾಗಿ ತಟ್ಟಿಲ್ಲ. ಹೊಸದನ್ನೇ ಕೊಳ್ಳುವವರು ಬಿಲ್ ಇಲ್ಲದೆ ಕೊಟ್ಟರೆ 18 ಶೇಕಡಾ ಜಿಎಸ್‌ಟಿ ಉಳಿಯುತ್ತದೆಂಬ ಆಮಿಷಕ್ಕೆ ಬೀಳಬೇಡಿ, ವಾರಂಟಿ ಕೇಳಲು ಹೋದಾಗ ಅದೇ ಬಿಲ್ ಬೇಕಾಗುತ್ತದೆ.

ಅಗ್ಗವಾಗಿ ಸಿಗುವ 1050 ಟಿಐ ಈಗಲೂ ಕೊಳ್ಳಬಹುದೇ ಎಂದು ಇನ್ನೊಂದು ಪ್ರಶ್ನೆ ಬಂತು. ಈ ತಲೆಮಾರಿನ ಕಾರ್ಡ್‌ಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಇನ್ನು ಭದ್ರತೆಯ ತಿದ್ದುಪಡಿಗಳು ಮಾತ್ರ, ಅವೂ 2028ರ ಅಕ್ಟೋಬರ್‌ವರೆಗೆ. ಹಳೆಯ ಆಟಗಳನ್ನಷ್ಟೇ ಆಡುವವರಿಗೆ, ಫೋಟೋಶಾಪ್ ಬಳಸುವವರಿಗೆ ಇದರಿಂದ ತಕ್ಷಣ ತೊಂದರೆಯಿಲ್ಲ. ಆದರೆ 1650 ನಂತರದ ತಲೆಮಾರಿನದು, ಅದು ಆ ಪಟ್ಟಿಯಲ್ಲಿಲ್ಲ. ಬೆಲೆಯ ಅಂತರ ಸ್ವಲ್ಪವೇ ಇದ್ದರೆ 1650ಕ್ಕೇ ಹೋಗಿ. ಇದೇ ಸಂದರ್ಭದಲ್ಲಿ ಯಂತ್ರದ ವಯಸ್ಸನ್ನೂ ಎದುರಿಸಬೇಕು: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಐ5-6500 ಮತ್ತು 7500 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಇನ್ನೂ ಯಂತ್ರವನ್ನೇ ಕೊಂಡಿರದವರು 8ನೇ ತಲೆಮಾರಿನ ಆಪ್ಟಿಪ್ಲೆಕ್ಸ್ 7060 ಮಿನಿ ಟವರಿಗೆ ಸ್ವಲ್ಪ ಹೆಚ್ಚು ಕೊಟ್ಟು, ಕಾರ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡುವುದು ಜಾಣತನ. ಅದರ ಐ5-8500ರಲ್ಲಿ ಆರು ಕೋರುಗಳಿವೆ.

ಬಿಸಿಯ ಬಗ್ಗೆ ಒಂದು ಮಾತು, ವಿಶೇಷವಾಗಿ ರಾಯಚೂರು, ಕಲಬುರಗಿ ಕಡೆಯಿಂದ ಬಂದವರಿಗೆ. ಕೋಣೆಯೇ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತೆಳ್ಳಗಿನ ಪೆಟ್ಟಿಗೆಯೊಳಗಿನ ಲೋ ಪ್ರೊಫೈಲ್ ಕಾರ್ಡಿನ ಪುಟ್ಟ ಫ್ಯಾನುಗಳು ಜೋರಾಗಿ ಕೂಗುತ್ತವೆ, ಆಮೇಲೆ ಕಾರ್ಡ್ ತಾನಾಗಿ ವೇಗ ತಗ್ಗಿಸುತ್ತದೆ. ಆಟದಲ್ಲಿ ಫ್ರೇಮುಗಳ ಸಂಖ್ಯೆಯನ್ನು 60ಕ್ಕೆ ಮಿತಿಗೊಳಿಸಿಕೊಂಡರೆ ಬಿಸಿಯೂ ವಿದ್ಯುತ್ತೂ ಕಡಿಮೆಯಾಗುತ್ತವೆ. ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ನೀವು ಕಳೆದುಕೊಳ್ಳುವುದು ಬಲು ಸ್ವಲ್ಪ.

ಕೊನೆಯದಾಗಿ ಕೂರಿಸುವ ಕ್ರಮ. ಹಳೆಯ ಡ್ರೈವರ್ ತೆಗೆದು, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಲೋಹದ ಮೈ ಮುಟ್ಟಿ, ಆಮೇಲೆ ಕಾರ್ಡನ್ನು ಸ್ಲಾಟಿನ ಹಿಂಬದಿಯ ಕೊಂಡಿ ಕಚ್ಚುವವರೆಗೆ ಒತ್ತಿ. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಿ. ಕಾರ್ಡ್ ಕೊಂಡು ತಿಂಗಳಾದರೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಆಟವಾಡುತ್ತಾ "ಏನೂ ವ್ಯತ್ಯಾಸವಿಲ್ಲ" ಎಂದು ಗೊಣಗುವವರನ್ನು ನೋಡಿದ್ದೇನೆ. ಡ್ರೈವರ್ ಹಾಕಿದ ಮೇಲೆ ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಎಂಬ ಸಾಲನ್ನು ಓದಿ. ಸುಮ್ಮನಿರುವಾಗ ಕಾರ್ಡ್ ವಿದ್ಯುತ್ ಉಳಿಸಲು ದಾರಿಯನ್ನು 1.1ಕ್ಕೆ ಇಳಿಸಿಕೊಂಡಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿ ಸಣ್ಣ ಪರೀಕ್ಷೆ ಓಡಿಸಿದಾಗ ಅದು 3.0ಕ್ಕೆ ಏರಬೇಕು, ಲೇನ್‌ಗಳ ಸಂಖ್ಯೆ 1650ಕ್ಕೆ 16, 3050ಕ್ಕೆ 8, 6400ಕ್ಕೆ 4 ಇರಬೇಕು. ಅದಕ್ಕಿಂತ ಕಡಿಮೆ ತೋರಿಸಿದರೆ ಪ್ಲಗ್ ಕಿತ್ತು, ಕಾರ್ಡ್ ಹೊರತೆಗೆದು, ಸ್ಲಾಟಿನ ಧೂಳು ಊದಿ, ಮತ್ತೆ ಕೂರಿಸಿ ನೋಡಿ.